ಊದುವ ಯಂತ್ರ ಕೇಳುವ ನಾಲ್ಕನೇ ಪ್ರಶ್ನೆ: ಆರೋಗ್ಯದಲ್ಲಿ, ಸಂಶೋಧನೆಯಲ್ಲಿ ಜನಾಂಗಭೇದ ಹೇಗೆ ಕೆಲಸ ಮಾಡುತ್ತದೆ

ಪುಣೆಯಲ್ಲೋ ಮುಂಬಯಿಯಲ್ಲೋ ದಮ್ಮು, ಕೆಮ್ಮು ಎಂದು ಎದೆರೋಗದ ವೈದ್ಯರ ಹತ್ತಿರ ಹೋದರೆ ಊದುವ ಪರೀಕ್ಷೆ ಬರೆದುಕೊಡುತ್ತಾರೆ. ಮೂಗಿಗೆ ಕ್ಲಿಪ್ ಹಾಕಿಕೊಂಡು, ಎದೆತುಂಬ ಉಸಿರೆಳೆದು, ಕೊಳವೆಯೊಳಕ್ಕೆ ಉಸಿರು ಪೂರ್ತಿ ಖಾಲಿಯಾಗುವ ತನಕ ಜೋರಾಗಿ ಊದಬೇಕು. ಅದಕ್ಕೂ ಮೊದಲು ಕಂಪ್ಯೂಟರಿನಲ್ಲಿ ನಾಲ್ಕು ವಿವರ ತುಂಬಬೇಕಾಗುತ್ತದೆ: ವಯಸ್ಸು, ಎತ್ತರ, ಗಂಡೋ ಹೆಣ್ಣೋ, ಮತ್ತು ಜನಾಂಗ. ವಯಸ್ಸು ಕೇಳುತ್ತಾರೆ, ಎತ್ತರ ಅಳೆಯುತ್ತಾರೆ. ನಾಲ್ಕನೆಯದನ್ನು ಸಾಮಾನ್ಯವಾಗಿ ಯಾರೂ ರೋಗಿಯ ಬಾಯಿಂದ ಕೇಳುವುದಿಲ್ಲ; ಪರದೆಯ ಮೇಲಿನ ಪಟ್ಟಿಯಿಂದ ಆರಿಸಿಬಿಡುತ್ತಾರೆ. 2012ರಲ್ಲಿ ಬಂದ ಜಾಗತಿಕ ಸೂತ್ರದ ಪಟ್ಟಿಯಲ್ಲಿ ಬಿಳಿಯರು, ಆಫ್ರಿಕನ್ ಅಮೆರಿಕನ್ನರು, ಈಶಾನ್ಯ ಏಷ್ಯಾದವರು, ಆಗ್ನೇಯ ಏಷ್ಯಾದವರು ಇದ್ದಾರೆ. ಭಾರತೀಯರಿಗೆ ಸ್ವಂತ ಸಾಲಿಲ್ಲ. ನೂರನಲವತ್ತು ಕೋಟಿ ಜನ ಅಲ್ಲಿ 'ಇತರರು'.

ಆ ಒಂದು ಆಯ್ಕೆ ವರದಿಯ ಅಂಕಿಯನ್ನು ಬದಲಿಸುತ್ತದೆ. ಈಚಿನ ವರ್ಷಗಳಲ್ಲಿ ಆ ಆಯ್ಕೆಯನ್ನೇ ಕಿತ್ತುಹಾಕುವ ಹೊಸ ಸೂತ್ರಗಳು ಬಂದಿವೆ, ನಮ್ಮ ಪ್ರಯೋಗಾಲಯಗಳ ವರದಿಗಳಲ್ಲೂ ಕಾಣಿಸಿಕೊಳ್ಳುತ್ತಿವೆ. ಹುಬ್ಬಳ್ಳಿ, ಕಲಬುರಗಿ, ಉಡುಪಿಯಿಂದ ಬಂದು ಪುಣೆ, ಮುಂಬಯಿ, ಗೋವಾಗಳಲ್ಲಿ ಸಾರ್ವಜನಿಕ ಆರೋಗ್ಯ, ನರ್ಸಿಂಗ್, ಜೈವಿಕ ತಂತ್ರಜ್ಞಾನ, ಸಮಾಜಕಾರ್ಯ ಓದುತ್ತಿರುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಈ ಚರ್ಚೆ ತರಗತಿಯಲ್ಲಿ ಎದುರಾಗುತ್ತಿದೆ. ಅದು ಅಮೆರಿಕದ ಜಗಳ, ನಮಗೇನು ಸಂಬಂಧ ಎಂದು ಅನ್ನಿಸುವುದು ಸಹಜ. ಸಂಬಂಧ ಇದೆ. ಅದು ಎಲ್ಲಿದೆ ಎಂದು ಬುಡದಿಂದ ನೋಡೋಣ.

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ

ಕನ್ನಡದಲ್ಲಿ ಈ ವಿಷಯ ಮಾತಾಡಲು ಹೊರಟರೆ ಮೊದಲ ಹೆಜ್ಜೆಯಲ್ಲೇ ತೊಡಕು. 'ಜನಾಂಗ' ಎಂಬ ಮಾತನ್ನು ನಾವು ಜಾತಿ-ಸಮುದಾಯಕ್ಕೂ ಬಳಸುತ್ತೇವೆ. 'ನಮ್ಮ ಜನಾಂಗದವರ ಸಮಾವೇಶ' ಎಂದರೆ ಯಾರೂ ಮೈಬಣ್ಣದ ವಿಷಯ ಎಂದುಕೊಳ್ಳುವುದಿಲ್ಲ. ಪುಣೆಯ ಮರಾಠಿ ಪಾಠದಲ್ಲಿ ಇದಕ್ಕೆ 'ವಂಶ' ಎನ್ನುತ್ತಾರೆ. ನಮ್ಮ ಕಿವಿಗೆ ಅದು ಮನೆತನ. 'ವರ್ಣ' ಎಂದರೆ ಬಣ್ಣವೂ ಹೌದು, ಚಾತುರ್ವರ್ಣ್ಯವೂ ಹೌದು. ಹಾಗಾಗಿ ಈ ಬರಹದ ಮಟ್ಟಿಗೆ ಜನಾಂಗ ಎಂದರೆ, ಮೈಬಣ್ಣ, ಮುಖಚಹರೆ, ಹಿರಿಯರು ಬಂದ ನೆಲ ನೋಡಿ ಮನುಷ್ಯರನ್ನು ಬೆರಳೆಣಿಕೆಯ ಗುಂಪುಗಳಾಗಿ ವಿಂಗಡಿಸುವ ರೂಢಿ. ಆ ವಿಂಗಡಣೆಯನ್ನೇ ಆಧಾರ ಮಾಡಿಕೊಂಡು ಒಬ್ಬರಿಗೆ ಕೊಡುವುದು, ಇನ್ನೊಬ್ಬರಿಗೆ ತಡೆಯುವುದು ಜನಾಂಗಭೇದ.

ಅದು ಬೈಗುಳ ಮಾತ್ರ ಅಲ್ಲ. ಅಮೆರಿಕದ ವೈದ್ಯೆ ಕಮಾರಾ ಜೋನ್ಸ್ 2000ದಲ್ಲಿ ಮೂರು ಪದರಗಳನ್ನು ಗುರುತಿಸಿದರು: ವ್ಯವಸ್ಥೆಯೊಳಗಿನದು, ವ್ಯಕ್ತಿ-ವ್ಯಕ್ತಿಯ ನಡುವಿನದು, ಒಳಗೆ ಇಳಿದುಬಿಟ್ಟದ್ದು. ಮುಂಬಯಿಯ ಒಂದು ಗಲ್ಲಿಯ ನೀರಿನ ಲೆಕ್ಕದಲ್ಲಿ ಇದನ್ನು ನೋಡಬಹುದು. ಪಾಲಿಕೆಯ ಪೈಪು ಗಲ್ಲಿಯ ಒಂದು ಬದಿಗೆ ಮಾತ್ರ ಬಂದಿದೆ. ಅದನ್ನು ಹಾಕಿದವರು ನಿವೃತ್ತರಾಗಿ ದಶಕವಾಗಿರಬಹುದು, ಆದರೂ ಆಚೆ ಬದಿಗೆ ನೀರಿಲ್ಲ. ಇದು ವ್ಯವಸ್ಥೆಯ ಪದರ. ನಲ್ಲಿಯ ಮುಂದೆ ನಿಂತವರು ಮುಖ ನೋಡಿ 'ನಿನ್ನ ಪಾಳಿ ಆಮೇಲೆ' ಅನ್ನುವುದು ಎರಡನೆಯದು. ಸಿಗುವುದಿಲ್ಲ ಎಂದು ಮೊದಲೇ ನಿಶ್ಚಯಿಸಿಕೊಂಡು ಕೊಡವನ್ನೇ ತಾರದಿರುವುದು ಮೂರನೆಯದು. ಆರೋಗ್ಯದಲ್ಲಿ ಹೆಚ್ಚು ಹಾನಿ ಮಾಡುವುದು ಮೊದಲನೆಯದು. ಹೆಚ್ಚು ಸುದ್ದಿಯಾಗುವುದು ಎರಡನೆಯದು.

ರಕ್ತದಲ್ಲಿ ಜನಾಂಗ ಸಿಗುತ್ತದೆಯೇ?

ಯಾವುದೇ ಇಬ್ಬರು ಮನುಷ್ಯರ ಡಿಎನ್‌ಎ ನೂರಕ್ಕೆ ಸುಮಾರು 99.9 ಭಾಗ ಒಂದೇ. ಉಳಿದ ಚೂರಿನಲ್ಲಿ ವ್ಯತ್ಯಾಸ ಹೇಗೆ ಹಂಚಿಹೋಗಿದೆ ಎಂದು 1972ರಲ್ಲಿ ರಿಚರ್ಡ್ ಲೆವೊಂಟಿನ್ ಲೆಕ್ಕಹಾಕಿದರು. ಸುಮಾರು 85 ಭಾಗ ವ್ಯತ್ಯಾಸ ಒಂದೇ ಜನಸಮುದಾಯದ ಒಳಗೇ ಇತ್ತು. ಜನಾಂಗಗಳ ನಡುವಿನದು 6 ಭಾಗದ ಆಸುಪಾಸು. ಊರಿನೊಳಗಿನ ಇಬ್ಬರ ನಡುವಿನ ವ್ಯತ್ಯಾಸವೇ ಖಂಡ-ಖಂಡಗಳ ಸರಾಸರಿ ವ್ಯತ್ಯಾಸಕ್ಕಿಂತ ದೊಡ್ಡದು ಎಂದರ್ಥ. ಪೂರ್ವಜರ ಗುರುತು ಡಿಎನ್‌ಎಯಲ್ಲಿ ಇದ್ದೇ ಇರುತ್ತದೆ, ಅದು ಸುಳ್ಳಲ್ಲ. ಆದರೆ ಅದು ನೆಲದ ಮೇಲೆ ನಿಧಾನವಾಗಿ ಬದಲಾಗುತ್ತ ಹೋಗುವ ಇಳಿಜಾರು. ಜನಾಂಗದ ಪೆಟ್ಟಿಗೆಗಳು ಆ ಇಳಿಜಾರಿನ ಮೇಲೆ ನಾವು ಕಟ್ಟಿದ ಬೇಲಿ.

ನಮಗೆ ಹತ್ತಿರದ ಉದಾಹರಣೆ ಸಿದ್ದಿಗಳು. ಹಳಿಯಾಳ, ಯಲ್ಲಾಪುರ, ಅಂಕೋಲಾ ಕಡೆಯ ಈ ಸಮುದಾಯದ ಅನೇಕರ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವಾಕ್ಕೆ ತಂದರು. ಇಂದು ಅವರ ಮಾತು ಕೊಂಕಣಿ, ಕನ್ನಡ, ಮರಾಠಿ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. 2011ರಲ್ಲಿ ಪ್ರಕಟವಾದ ಜೀನ್ ಅಧ್ಯಯನ ಅವರಲ್ಲಿ ಆಫ್ರಿಕಾದ, ಭಾರತದ, ಯುರೋಪಿನ ಮೂರೂ ಎಳೆಗಳನ್ನು ತೋರಿಸಿತು. ಹಳಿಯಾಳದಿಂದ ಪಣಜಿಗೆ ಕೆಲಸಕ್ಕೆ ಬಂದ ಸಿದ್ದಿ ಯುವಕನನ್ನು ಊದುವ ಯಂತ್ರದ ಯಾವ ಸಾಲಿಗೆ ಹಾಕುವುದು? ಆ ಪಟ್ಟಿಯಲ್ಲಿ ಅದಕ್ಕೆ ಉತ್ತರ ಇಲ್ಲ.

ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ಮೈಕೈ ನೋವು ತರುವ ಸಿಕಲ್ ಸೆಲ್ ಕಾಯಿಲೆಯನ್ನು ಬಹುಕಾಲ 'ಕರಿಯರ ರೋಗ' ಎನ್ನುತ್ತಿದ್ದರು. 1952ರಲ್ಲಿ ಅದೇ ಜೀನ್ ನೀಲಗಿರಿಯ ಆದಿವಾಸಿಗಳಲ್ಲಿ ಪತ್ತೆಯಾಯಿತು. ಮಹಾರಾಷ್ಟ್ರದ ಗಡ್‌ಚಿರೋಲಿ, ನಂದೂರಬಾರ್‌ಗಳಲ್ಲಿದೆ, ಗ್ರೀಸಿನಲ್ಲಿದೆ, ಅರಬ್ ನಾಡಿನಲ್ಲಿದೆ. ಆ ಜೀನ್ ಹಿಂಬಾಲಿಸಿದ್ದು ಮಲೇರಿಯಾವನ್ನು, ಮೈಬಣ್ಣವನ್ನಲ್ಲ: ಒಂದೇ ಪ್ರತಿ ಇದ್ದವರಿಗೆ ಮಲೇರಿಯಾದಿಂದ ಒಂದಷ್ಟು ರಕ್ಷಣೆ ಸಿಗುತ್ತದೆ, ಹಾಗಾಗಿ ಸೊಳ್ಳೆ ಹೆಚ್ಚಿದ್ದ ನೆಲಗಳಲ್ಲಿ ಅದು ಉಳಿದುಬಂತು. ಬಣ್ಣ ನೋಡಿ ರೋಗ ಊಹಿಸುವ ವೈದ್ಯರು ನಂದೂರಬಾರಿನ ಮಗುವಿನ ಕೀಲುನೋವನ್ನು ಸಂಧಿವಾತ ಎಂದು ಬರೆದು ಕಳಿಸಿಬಿಡುವ ಅಪಾಯ ಇಲ್ಲಿದೆ.

ಉಸಿರಿಗೆ ಹಾಕಿದ ತೂಕದ ಕಲ್ಲು

ಈಗ ಊದುವ ಯಂತ್ರಕ್ಕೆ ಮರಳೋಣ. ವರದಿಯಲ್ಲಿ ಎರಡು ಬಗೆಯ ಅಂಕಿಗಳಿರುತ್ತವೆ: ನೀವು ನಿಜವಾಗಿ ಊದಿದ ಲೀಟರ್, ಮತ್ತು ನಿಮ್ಮಂಥವರು ಊದಬೇಕಾದದ್ದರಲ್ಲಿ ಅದು ಎಷ್ಟು ಶೇಕಡಾ ಎಂಬುದು. 'ನಿಮ್ಮಂಥವರು' ಎನ್ನುವಲ್ಲಿಯೇ ಜನಾಂಗ ಒಳಬರುತ್ತದೆ.

ಲೆಕ್ಕ ಹೀಗೆ. ಒಬ್ಬರ ವಯಸ್ಸು, ಎತ್ತರಕ್ಕೆ ಮೊದಲ ಸೆಕೆಂಡಿನಲ್ಲಿ 4.00 ಲೀಟರ್ ಗಾಳಿ ಬರಬೇಕು ಎಂದಿಟ್ಟುಕೊಳ್ಳಿ. ಅವರು ಊದಿದ್ದು 2.90. ಅಂದರೆ ಶೇ 72.5; ರೂಢಿಯ ಗಡಿಯಾದ 80ಕ್ಕಿಂತ ಕಡಿಮೆ, ತೊಂದರೆ ಇದೆ. ಈಗ ಅದೇ ವ್ಯಕ್ತಿಯನ್ನು ಕಪ್ಪು ಜನಾಂಗ ಎಂದು ಗುರುತುಮಾಡಿ. ಅಮೆರಿಕದಲ್ಲಿ ಬಹುಕಾಲ ಅವರಿಗೆ ಶೇ 10ರಿಂದ 15, ಏಷ್ಯಾದವರಿಗೆ 4ರಿಂದ 6 ಕಡಿತ ಮಾಡುತ್ತಿದ್ದರು. 15 ಕಡಿದರೆ ನಿರೀಕ್ಷೆ 3.40 ಲೀಟರಿಗೆ ಇಳಿಯುತ್ತದೆ. 2.90 ಈಗ ಶೇ 85. ವರದಿಯಲ್ಲಿ 'ಸಹಜ'. ಶ್ವಾಸಕೋಶ ಅದೇ, ಉಸಿರು ಅದೇ, ಬದಲಾದದ್ದು ತಕ್ಕಡಿಯ ಕಲ್ಲು.

ಈ ಕಡಿತದ ಬೇರು ಎಲ್ಲಿದೆ? ಈ ಊದುವ ಯಂತ್ರವನ್ನು, ಅಂದರೆ ಸ್ಪೈರೋಮೀಟರನ್ನು, 1840ರ ದಶಕದಲ್ಲಿ ಲಂಡನ್ನಿನಲ್ಲಿ ರೂಪಿಸಿದವರು ಜಾನ್ ಹಚಿನ್ಸನ್. ಅಮೆರಿಕದ ದಕ್ಷಿಣದಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ ಗುಲಾಮರ ಶ್ವಾಸಕೋಶ ಹುಟ್ಟಿನಿಂದಲೇ ಸಣ್ಣದು, ದುಡಿಮೆಯೇ ಅವರಿಗೆ ಔಷಧ ಎಂದು ವಾದಿಸಿದ. ಗುಲಾಮರು ಓಡಿಹೋಗುವುದನ್ನೇ 1851ರಲ್ಲಿ ಒಂದು ಮಾನಸಿಕ ರೋಗ ಎಂದು ಹೆಸರಿಟ್ಟವನೂ ಇವನೇ. ಅಂತರ್ಯುದ್ಧ ಮುಗಿದ ಮೇಲೆ ಬೆಂಜಮಿನ್ ಗೌಲ್ಡ್ ಸೈನಿಕರ ಅಳತೆಗಳನ್ನು 1869ರಲ್ಲಿ ಪ್ರಕಟಿಸಿದಾಗ ಕಪ್ಪು ಸೈನಿಕರ ಅಂಕಿ ಕಡಿಮೆ ಬಂದಿತ್ತು. ಅವರು ಎಲ್ಲಿ ಬೆಳೆದರು, ಏನು ತಿಂದರು, ಯಾವ ಹೊಗೆ ಕುಡಿದರು ಎಂಬುದು ಆ ಲೆಕ್ಕದಲ್ಲಿ ಇರಲಿಲ್ಲ. ಬಡತನದ ಗುರುತು ಹೀಗೆ ಹುಟ್ಟುಗುಣವಾಗಿ ಪಠ್ಯಪುಸ್ತಕ ಸೇರಿ, ಅಲ್ಲಿಂದ ಸಾಫ್ಟ್‌ವೇರಿಗೆ ಇಳಿಯಿತು.

ಇದು ದುಡ್ಡಿನ ಪ್ರಶ್ನೆಯೂ ಆಗುತ್ತದೆ. 1999ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಕಲ್ನಾರಿನಿಂದ ಶ್ವಾಸಕೋಶ ಕೆಟ್ಟ ಕಾರ್ಮಿಕರು ಪರಿಹಾರ ಕೇಳಿದಾಗ, ಓವೆನ್ಸ್ ಕಾರ್ನಿಂಗ್ ಕಂಪನಿ ಕಪ್ಪು ಕಾರ್ಮಿಕರ ಅಂಕಿ ಇನ್ನೂ ಕೆಳಗಿದ್ದರೆ ಮಾತ್ರ ದಾವೆ ನಡೆಯಲಿ ಎಂದು ವಾದಿಸಿತು. ನ್ಯಾಯಾಧೀಶರು ಒಪ್ಪಲಿಲ್ಲ. ಕಲ್ಲು ಕೊರೆಯುವ, ಮರಳು ಜರಡಿ ಹಿಡಿಯುವ ಕೆಲಸಕ್ಕೆ ಬಾಗಲಕೋಟೆ, ವಿಜಯಪುರದಿಂದ ಗೋವಾಕ್ಕೆ ಹೋಗುವ ಕೂಲಿಕಾರರಿಗೂ ಈ ಶೇಕಡಾ ಅಂಕಿ ಅಷ್ಟೇ ಮುಖ್ಯ. ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ರೋಗ ಸಿಲಿಕೋಸಿಸ್ ಎಷ್ಟು ಬಲಿತಿದೆ ಎಂದು ತೂಗುವಾಗ ನೋಡುವ ದಾಖಲೆಗಳಲ್ಲಿ ಇದೂ ಒಂದು.

2022ರಲ್ಲಿ ಜನಾಂಗ ಕೇಳದ ಜಾಗತಿಕ ಸೂತ್ರ ಬಂತು. 2023ರಲ್ಲಿ ಅಮೆರಿಕದ ಎದೆರೋಗ ತಜ್ಞರ ಸಂಘ ಅದನ್ನೇ ಬಳಸಿ ಎಂದಿತು. ಹಾಗಂತ ತೊಡಕು ಪೂರ್ತಿ ತೀರಲಿಲ್ಲ. ಶೇಕಡಾ ತಟ್ಟನೆ ಇಳಿದವರಿಗೆ ಶ್ವಾಸಕೋಶದ ಶಸ್ತ್ರಚಿಕಿತ್ಸೆಗೆ 'ತಾಳಿಕೊಳ್ಳಲಾರರು' ಎಂಬ ಹಣೆಪಟ್ಟಿ ಬೀಳಬಹುದು, ಕೆಲವು ಉದ್ಯೋಗಗಳಿಗೆ ಅನರ್ಹರಾಗಬಹುದು. ಆದ್ದರಿಂದ ಹಳೆಯ, ಹೊಸ ವರದಿಗಳನ್ನು ಹೋಲಿಸುವಾಗ ಶೇಕಡಾ ಬಿಟ್ಟು ಲೀಟರ್ ಅಂಕಿಯನ್ನು ನೋಡಿ. ಶೇಕಡಾ 84ರಿಂದ 76ಕ್ಕೆ ಇಳಿದು ಲೀಟರ್ ಅಲ್ಲೇ ನಿಂತಿದ್ದರೆ ಕೆಟ್ಟದ್ದು ನಿಮ್ಮ ಶ್ವಾಸಕೋಶವಲ್ಲ, ಬದಲಾದದ್ದು ಸೂತ್ರ. ಯಾವ ಸೂತ್ರ ಎಂಬುದು ಸಾಮಾನ್ಯವಾಗಿ ವರದಿಯ ತಲೆಭಾಗದಲ್ಲೋ ಕೆಳಗೋ ಸಣ್ಣಕ್ಷರದಲ್ಲಿರುತ್ತದೆ.

ಬೆರಳಿನ ಕ್ಲಿಪ್ಪು, ಕಿಡ್ನಿಯ ಅಂಕಿ

ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಆಕ್ಸಿಮೀಟರ್ ಎರಡು ಬಗೆಯ ಬೆಳಕನ್ನು ಬೆರಳಿನೊಳಗೆ ಹಾಯಿಸುತ್ತದೆ: 660 ನ್ಯಾನೊಮೀಟರಿನ ಕೆಂಪು, 940ರ ಅತಿಕೆಂಪು. ಆಕ್ಸಿಜನ್ ತುಂಬಿದ ರಕ್ತ ಒಂದನ್ನು ಹೆಚ್ಚು ಹೀರುತ್ತದೆ, ಖಾಲಿ ರಕ್ತ ಇನ್ನೊಂದನ್ನು. ಎರಡರ ಅನುಪಾತದಿಂದ ಅಂಕಿ ಬರುತ್ತದೆ. ಚರ್ಮದ ಮೆಲನಿನ್ ಕೂಡ ಬೆಳಕು ಹೀರುತ್ತದೆ, ಆದರೆ ಯಂತ್ರಕ್ಕೆ ಲೆಕ್ಕ ಕಲಿಸುವಾಗ ಬಳಸಿದ ಬೆರಳುಗಳು ಬಹುಪಾಲು ಬಿಳಿಯವು. ಅಮೆರಿಕದ 2013ರ ಮಾರ್ಗಸೂಚಿ ಕೇಳಿದ್ದು ಕನಿಷ್ಠ 10 ಜನ, ಅದರಲ್ಲಿ ಗಾಢಬಣ್ಣದವರು ಇಬ್ಬರು ಅಥವಾ ಶೇ 15. 2020ರ ಡಿಸೆಂಬರಿನಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು ಯಂತ್ರದ ಅಂಕಿಯನ್ನು ಧಮನಿಯಿಂದ ತೆಗೆದ ರಕ್ತದ ಅಂಕಿಯ ಪಕ್ಕ ಇಟ್ಟು ನೋಡಿದರು. ಯಂತ್ರ 92ರಿಂದ 96 ತೋರಿಸುತ್ತಿದ್ದಾಗಲೂ ನಿಜವಾದ ಮಟ್ಟ 88ಕ್ಕಿಂತ ಕೆಳಗಿದ್ದ ಪ್ರಸಂಗಗಳು ಕಪ್ಪು ರೋಗಿಗಳಲ್ಲಿ ಶೇ 11.7, ಬಿಳಿಯರಲ್ಲಿ 3.6. 2025ರ ಜನವರಿಯ ಕರಡು ನಿಯಮ ಪರೀಕ್ಷೆಗೆ 150 ಜನ ಬೇಕು ಎನ್ನುತ್ತದೆ.

ಇಲ್ಲಿ ಯಾರೂ ಯಾರನ್ನೂ ದ್ವೇಷಿಸಲಿಲ್ಲ. ಪರೀಕ್ಷೆಗೆ ಕೂರಿಸಿದವರ ಪಟ್ಟಿ ಕಿರಿದಾಗಿತ್ತು, ಅಷ್ಟೇ. ವ್ಯವಸ್ಥೆಯ ಪದರ ಎಂದರೆ ಇದೇ. ನಮ್ಮ ಮನೆಗಳಲ್ಲಿ ಮಾಡಬಹುದಾದದ್ದು: ಕೈ ಬೆಚ್ಚಗೆ ಮಾಡಿಕೊಳ್ಳಿ, ಉಗುರುಬಣ್ಣ ತೆಗೆಯಿರಿ, ಗಾಢ ಮೆಹಂದಿ ಇಲ್ಲದ ಬೆರಳು ಆರಿಸಿ, ಅಂಕಿ ನಿಲ್ಲುವ ತನಕ ಒಂದು ನಿಮಿಷ ಅಲುಗಾಡಬೇಡಿ, ಒಂದೇ ಓದಿಗಿಂತ ದಿನದಿಂದ ದಿನಕ್ಕೆ ಆಗುವ ಇಳಿತ ಗಮನಿಸಿ. ಮಾತಾಡಲಾಗದಷ್ಟು ಏದುಸಿರು ಇದ್ದರೆ ಯಂತ್ರ 95 ತೋರಿಸಿದರೂ ಆಸ್ಪತ್ರೆಗೆ ಹೊರಡಿ.

ಕಿಡ್ನಿಯದು ಇನ್ನೂ ನೇರ. ಸ್ನಾಯುಗಳಿಂದ ರಕ್ತಕ್ಕೆ ಸೇರುವ ತ್ಯಾಜ್ಯವಾದ ಕ್ರಿಯಾಟಿನಿನ್‌ನಿಂದ ಮೂತ್ರಪಿಂಡದ ಸೋಸುವ ವೇಗವನ್ನು ಅಂದಾಜು ಮಾಡುವ 1999ರ ಸೂತ್ರ, 2009ರ ಸೂತ್ರ ಎರಡರಲ್ಲೂ ಕಪ್ಪು ಜನಾಂಗದವರಿಗೆ ಉತ್ತರವನ್ನು ಹೆಚ್ಚಿಸಿ ಗುಣಿಸುವ ಸಂಖ್ಯೆ ಇತ್ತು; 2009ರದರಲ್ಲಿ ಅದು 1.159. ಕಾರಣವಾಗಿ ಕೊಟ್ಟದ್ದು 'ಸ್ನಾಯು ಹೆಚ್ಚು' ಎಂಬ ಊಹೆ. ಅಮೆರಿಕದಲ್ಲಿ ಕಸಿಗಾಗಿ ಕಾಯುವ ಪಟ್ಟಿಯಲ್ಲಿ ಕಾಲ ಎಣಿಸಲು ಈ ಅಂಕಿ 20 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ನಿಜವಾಗಿ 18 ಇದ್ದವರಿಗೆ 1.159ರಿಂದ ಗುಣಿಸಿದರೆ 20.9: ಪಟ್ಟಿಯಿಂದ ಹೊರಗೆ. 2021ರಲ್ಲಿ ಜನಾಂಗವಿಲ್ಲದ ಸೂತ್ರ ಬಂತು, 2023ರಿಂದ ಅಲ್ಲಿ ಕಪ್ಪು ರೋಗಿಗಳು ಕಳೆದುಕೊಂಡ ಕಾಯುವ ಕಾಲವನ್ನು ಮರಳಿ ಸೇರಿಸತೊಡಗಿದರು. ನಿಮ್ಮ ವರದಿಯಲ್ಲಿ ಸೂತ್ರದ ಪಕ್ಕ 2021 ಎಂದಿದೆಯೇ ನೋಡಿಕೊಳ್ಳಿ. ಇನ್ನೊಂದು ಎಚ್ಚರ: ಸ್ನಾಯು ಕಡಿಮೆ, ಊಟದಲ್ಲಿ ಮಾಂಸ ಇಲ್ಲ ಎಂದಾದರೆ ಕ್ರಿಯಾಟಿನಿನ್ ತಾನಾಗಿಯೇ ಕಡಿಮೆ ಇರುತ್ತದೆ, ಕಿಡ್ನಿ ಇರುವುದಕ್ಕಿಂತ ಚೆನ್ನಾಗಿದೆ ಎಂದು ತೋರುತ್ತದೆ. ಸಣಕಲು ಮೈಯ ಸಸ್ಯಾಹಾರಿ ಅಜ್ಜಿಗೆ ವೈದ್ಯರು ಸ್ನಾಯುವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್-ಸಿ ಎಂಬ ರಕ್ತಪರೀಕ್ಷೆ ಬರೆದರೆ ಅದು ಸುಮ್ಮನೆ ಖರ್ಚಲ್ಲ.

ಪುಣೆಯ ಹಸುಗೂಸುಗಳು ಹೇಳಿದ್ದು

ಹಾಗಾದರೆ ಗುಂಪು-ಗುಂಪಿನ ನಡುವೆ ಕಾಣುವ ವ್ಯತ್ಯಾಸವೆಲ್ಲ ಹುಸಿಯೇ? ಅಲ್ಲ. ಇದಕ್ಕೆ ಒಳ್ಳೆಯ ಪಾಠ ಪುಣೆಯಲ್ಲೇ ಇದೆ.

2004ರಲ್ಲಿ ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ತಮ್ಮಿಬ್ಬರದೇ ಚಿತ್ರವೊಂದನ್ನು ಪ್ರಕಟಿಸಿದರು. ಇಬ್ಬರ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಎಂದು ಹೇಳುವ ಅಂಕಿ) 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕರದು 21.2. ತೆಳ್ಳಗೆ ಕಂಡರೂ ಒಳಗೆ ಕೊಬ್ಬು. ನಮ್ಮಲ್ಲಿ ಹೊಟ್ಟೆಯೂ ಇಲ್ಲದವರಿಗೆ ಸಕ್ಕರೆ ಕಾಯಿಲೆ ಬರುವುದೇಕೆ ಎನ್ನುವುದಕ್ಕೆ ಇಲ್ಲೊಂದು ಸುಳಿವು ಸಿಕ್ಕಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯಾದವರಿಗೆ 25ರ ಬದಲು 23ರಿಂದಲೇ ಎಚ್ಚರ ಬೇಕು ಎಂದರು.

ಇಲ್ಲಿಗೆ ನಿಂತಿದ್ದರೆ 'ಭಾರತೀಯ ಜನಾಂಗದ ಮೈಯೇ ಹೀಗೆ' ಎಂದು ಮುಗಿಯುತ್ತಿತ್ತು. ಪುಣೆಯ ತಂಡ ನಿಲ್ಲಲಿಲ್ಲ. 1990ರ ದಶಕದಿಂದ ಪುಣೆಯ ಹತ್ತಿರದ ಆರು ಹಳ್ಳಿಗಳಲ್ಲಿ ಬಸುರಿಯರ ಊಟ, ದುಡಿಮೆ, ರಕ್ತ ಎಲ್ಲ ಅಳೆದು, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಅಲ್ಲಿನ ಕೂಸುಗಳ ಸರಾಸರಿ ತೂಕ 2.7 ಕಿಲೊ, ಇಂಗ್ಲೆಂಡಿನ ಸೌತಾಂಪ್ಟನ್ ಕೂಸುಗಳದು 3.5. ಸ್ನಾಯು ಕಡಿಮೆ, ಆದರೆ ಚರ್ಮದಡಿಯ ಕೊಬ್ಬು ಹೆಚ್ಚುಕಡಿಮೆ ಉಳಿದುಕೊಂಡಿತ್ತು. ತಾಯಿಯಲ್ಲಿ ಬಿ-12 ಕಡಿಮೆ, ಫೋಲೇಟ್ ಹೆಚ್ಚು ಇದ್ದಾಗ ಮಗುವಿನಲ್ಲಿ ಇನ್ಸುಲಿನ್ ಪ್ರತಿರೋಧ (ಸಕ್ಕರೆ ಕಾಯಿಲೆಯ ಕಡೆಗೊಯ್ಯುವ ಸ್ಥಿತಿ) ಹೆಚ್ಚು ಕಂಡಿತು. ಬಿ-12 ಬದಲಿಸಬಹುದಾದ ಸಂಗತಿ, ಜನಾಂಗ ಅಲ್ಲ.

ಒಂದು ಗುಂಪಿನ ಹೆಸರು ಸಂಶೋಧನೆಯಲ್ಲಿ ಬಂದಾಗ ಕೇಳಬೇಕಾದದ್ದು ಇದು: ಆ ಹೆಸರು ಮುಂದಿನ ಪ್ರಶ್ನೆಗೆ ಬಾಗಿಲು ತೆರೆಯುತ್ತಿದೆಯೇ, ಅಥವಾ 'ಅವರು ಹಾಗೇ' ಎಂದು ಮುಚ್ಚುತ್ತಿದೆಯೇ?

ಭೇದ ಮೈಗೆ ಇಳಿಯುವ ದಾರಿ

ಅಮೆರಿಕದಲ್ಲಿ ಹೆರಿಗೆಗೆ ಸಂಬಂಧಿಸಿದ ಸಾವು ಕಪ್ಪು ತಾಯಂದಿರಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು. ಬಡತನ ಕಾರಣವಿರಬಹುದೇ ಎಂದು ಓದಿದವರನ್ನಷ್ಟೇ ಹೋಲಿಸಿದರೆ ಅಂತರ ಕರಗಬೇಕಿತ್ತು. ಕಾಲೇಜು ಪದವಿ ಪಡೆದ ಕಪ್ಪು ತಾಯಂದಿರ ಸಾವಿನ ದರ ಅದೇ ಓದಿನ ಬಿಳಿಯರ 5.2 ಪಟ್ಟು ಎಂದು 2019ರಲ್ಲಿ ಪ್ರಕಟವಾದ ಸರಕಾರಿ ಲೆಕ್ಕ ತೋರಿಸಿತು. ಅವಮಾನ, ಅಭದ್ರತೆಯ ನಿರಂತರ ಒತ್ತಡದಿಂದ ಮೈ ಬೇಗ ಸವೆಯುತ್ತದೆ ಎಂದು ಆರ್ಲೀನ್ ಜೆರೋನಿಮಸ್ 1992ರಲ್ಲೇ ವಾದಿಸಿದ್ದರು. ಅದರ ಮೇಲೆ ಆಸ್ಪತ್ರೆಯೊಳಗಿನ ಅಸಡ್ಡೆ. 2016ರ ಒಂದು ಅಧ್ಯಯನದಲ್ಲಿ ಬಿಳಿಯ ವೈದ್ಯ ವಿದ್ಯಾರ್ಥಿಗಳು, ಕಿರಿಯ ವೈದ್ಯರಲ್ಲಿ ಸುಮಾರು ಅರ್ಧ ಜನ 'ಕಪ್ಪು ಚರ್ಮ ದಪ್ಪ' ಎಂಬಂಥ ಒಂದಾದರೂ ಸುಳ್ಳನ್ನು ನಂಬಿದ್ದರು. ಅಂಥವರು ಕಪ್ಪು ರೋಗಿಯ ನೋವನ್ನು ಕಡಿಮೆ ಎಂದು ಅಳೆದರು.

ನಮ್ಮಲ್ಲಿ ಇದೇ ಯಂತ್ರ ಜಾತಿಯ ಹೆಸರಿನಲ್ಲಿ ಓಡುತ್ತದೆ. ಜಾತಿ ಮತ್ತು ಜನಾಂಗ ಒಂದೇ ಅಲ್ಲ. ಆದರೆ ಮೈಗೆ ಇಳಿಯುವ ದಾರಿ ಒಂದೇ ತೆರನಾದದ್ದು. ಒಂಬತ್ತು ರಾಜ್ಯಗಳ ಸಮೀಕ್ಷೆ ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಮೇಲ್ಜಾತಿ ಹಿಂದೂಗಳಿಗಿಂತ ಆದಿವಾಸಿಗಳ ಆಯುಸ್ಸು ನಾಲ್ಕು ವರ್ಷಕ್ಕೂ ಹೆಚ್ಚು ಕಡಿಮೆ, ದಲಿತರದು ಮೂರು ವರ್ಷಕ್ಕೂ ಹೆಚ್ಚು, ಮುಸ್ಲಿಮರದು ಸುಮಾರು ಒಂದು ವರ್ಷ. ಹಣಕಾಸಿನ ಅಂತರ ಇದರಲ್ಲಿ ಅರ್ಧವನ್ನೂ ವಿವರಿಸಲಿಲ್ಲ. ಗೋವಾದಲ್ಲಿ ಘಟ್ಟದ ಮೇಲಿನಿಂದ ಬಂದ ಕೂಲಿಯವರನ್ನು 'ಘಾಂಟಿ' ಎಂದು ಹೀಗಳೆಯುವ ಮಾತಿದೆ. ಆ ಮಾತಿಗೆ ಅಂಜಿ ಗರ್ಭಿಣಿಯೊಬ್ಬಳು ತಪಾಸಣೆಗೆ ಹೋಗುವುದನ್ನು ತಡಮಾಡಿದರೆ ನಷ್ಟ ಮಾತಿನದಲ್ಲ, ರಕ್ತದೊತ್ತಡದ್ದು.

ಪ್ಲೇಗು, ಸೈನಿಕರು, ಒಪ್ಪಿಗೆ

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗು ಗುರುತಿಸಿದವರು ಗೋವಾ ಮೂಲದ ವೈದ್ಯ ಅಕಾಶಿಯೊ ವಿಯೆಗಸ್. ಮರುವರ್ಷದ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಪುಣೆಯಲ್ಲಿ ಬ್ರಿಟಿಷ್ ಸೈನಿಕರು ಮನೆಗಳಿಗೆ, ಅಡುಗೆಕೋಣೆ-ದೇವರಕೋಣೆಗಳಿಗೆ ನುಗ್ಗಿ ಶೋಧಿಸಿದರು, ರೋಗಿಗಳನ್ನು ಎಳೆದೊಯ್ದರು. 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ್‍ಯಾಂಡ್ ಮೇಲೆ ಚಾಪೇಕರ್ ಸೋದರರು ಗುಂಡು ಹಾರಿಸಿದರು. ಆ ಹೊತ್ತಿಗೆ ಮುಂಬಯಿಯಲ್ಲಿ ವಾಲ್ಡೆಮಾರ್ ಹಾಫ್‌ಕಿನ್ ಲಸಿಕೆ ತಯಾರಿಸಿ, ಜನವರಿ 10ರಂದು ಮೊದಲು ತಮಗೇ ಚುಚ್ಚಿಕೊಂಡಿದ್ದರು. ಆದರೆ ಜನ ಹೆದರಿ ರೋಗಿಗಳನ್ನೇ ಮುಚ್ಚಿಡುವ ಹಾಗಾಗಿತ್ತು. ಜನರ ಮೈಯನ್ನು ಅಪನಂಬಿಕೆಯಿಂದ ನೋಡಿದ ಆಡಳಿತ ಒಳ್ಳೆಯ ಔಷಧದ ಮೇಲಿನ ನಂಬಿಕೆಯನ್ನೂ ಕೆಡಿಸಿತು.

ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರ ತನಕ ಸರಕಾರಿ ವೈದ್ಯರು ಸಿಫಿಲಿಸ್ ಇದ್ದ 399 ಕಪ್ಪು ಗಂಡಸರಿಗೆ ಸರಿಯಾದ ಚಿಕಿತ್ಸೆ ಕೊಡದೆ ರೋಗ ಹೇಗೆ ಬೆಳೆಯುತ್ತದೆ ಎಂದು ನೋಡುತ್ತ ಕೂತರು. 1940ರ ದಶಕದಲ್ಲೇ ಪೆನಿಸಿಲಿನ್ ಇತ್ತು. ಇದು ಬಯಲಾದ ಮೇಲೆ ಇಂದಿನ ಸಂಶೋಧನಾ ನೀತಿಯ ಕಟ್ಟಳೆಗಳು ಗಟ್ಟಿಯಾದವು.

ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. 1998ರಿಂದ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆ ಅಮೆರಿಕದ ಹಣದ ನೆರವಿನಲ್ಲಿ ಕೊಳೆಗೇರಿಗಳ ಸುಮಾರು 1.5 ಲಕ್ಷ ಮಹಿಳೆಯರಲ್ಲಿ ಗರ್ಭಕೊರಳ ಕ್ಯಾನ್ಸರ್ ತಪಾಸಣೆಯ ಪ್ರಯೋಗ ನಡೆಸಿತು. ಅರ್ಧದಷ್ಟು ಮಂದಿಗೆ ವಿನೆಗರ್ ಹಚ್ಚಿ ನೋಡುವ ಸರಳ ತಪಾಸಣೆ, ಉಳಿದವರಿಗೆ ಅರಿವಿನ ಪಾಠ ಮತ್ತು ರೂಢಿಯ ಆರೈಕೆ. ತಪಾಸಣೆಯ ಗುಂಪಿನಲ್ಲಿ ಆ ಕ್ಯಾನ್ಸರಿನ ಸಾವು ಶೇ 31 ಕಡಿಮೆಯಾಯಿತು. ಬಡ ದೇಶಗಳಿಗೆ ದೊಡ್ಡ ಉಪಕಾರ. ಹಣ ಕೊಟ್ಟ ದೇಶದಲ್ಲಿ ಯಾವ ಗುಂಪನ್ನೂ ತಪಾಸಣೆಯಿಲ್ಲದೆ ಇಷ್ಟು ವರ್ಷ ಬಿಡುತ್ತಿದ್ದರೇ ಎಂಬುದು ಟೀಕಾಕಾರರ ಪ್ರಶ್ನೆ. ಭಾರತದಲ್ಲಿ ಆಗ ತಪಾಸಣೆಯೇ ಇಲ್ಲದ್ದು ರೂಢಿ, ಇಲ್ಲಿನ ಸ್ಥಿತಿಗೆ ತಕ್ಕ ಪುರಾವೆ ಬೇಕಿತ್ತು ಎಂಬುದು ಸಂಶೋಧಕರ ಉತ್ತರ. ಸಂಶೋಧನಾ ನೀತಿ ಓದುವವರಿಗೆ ಇಷ್ಟು ಹತ್ತಿರದ, ಇಷ್ಟು ಕಠಿಣವಾದ ಪಾಠ ಬೇರೆ ಸಿಗಲಿಕ್ಕಿಲ್ಲ.

ಬುರುಡೆ ಅಳೆದ ವಿದ್ಯಾರ್ಥಿನಿ

1901ರ ಜನಗಣತಿಯ ಮುಖ್ಯಸ್ಥ ಹರ್ಬರ್ಟ್ ರಿಸ್ಲಿ ಭಾರತೀಯರ ಮೂಗು ಅಳೆಸಿದ. ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಅವನ ಸೂಚ್ಯಂಕ. 50 ಮಿಲಿಮೀಟರ್ ಉದ್ದ, 38 ಅಗಲದ ಮೂಗಿಗೆ 76. ಮೂಗು ಅಗಲವಾದಷ್ಟೂ ಜಾತಿಯ ಮೆಟ್ಟಿಲು ಕೆಳಗೆ ಎಂದು ಅವನ ಸಿದ್ಧಾಂತ. ಇದಕ್ಕೆ ಎದುರು ನಿಂತವರಲ್ಲಿ ಇಬ್ಬರು ವಿದ್ಯಾರ್ಥಿಗಳಾಗಿದ್ದಾಗಲೇ ಆ ಕೆಲಸ ಶುರುಮಾಡಿದ್ದರು.

1916ರ ಮೇ 9ರಂದು ಕೊಲಂಬಿಯಾ ವಿಶ್ವವಿದ್ಯಾಲಯದ ಸೆಮಿನಾರಿನಲ್ಲಿ ಪ್ರಬಂಧ ಓದಿದ ಭೀಮರಾವ್ ಅಂಬೇಡ್ಕರ್, ಜಾತಿಯ ಬೇರನ್ನು ರಕ್ತದಲ್ಲಿ ಹುಡುಕಲಿಲ್ಲ, ಜಾತಿಯೊಳಗೇ ಮದುವೆಯಾಗುವ ಕಟ್ಟಳೆಯಲ್ಲಿ ಹುಡುಕಿದರು. ಪಂಜಾಬಿನ ಬ್ರಾಹ್ಮಣರೂ ಪಂಜಾಬಿನ ಚಮ್ಮಾರರೂ ಒಂದೇ ಮೂಲದವರು ಎಂದು 1936ರಲ್ಲಿ ಇನ್ನೂ ಸ್ಪಷ್ಟವಾಗಿ ಬರೆದರು.

ಇನ್ನೊಬ್ಬರು ಇರಾವತಿ ಕರ್ವೆ. 1920ರ ದಶಕದ ಕೊನೆಗೆ ಬರ್ಲಿನ್ನಿಗೆ ಹೋದ ಅವರ ಗೈಡ್ ಓಯ್ಗನ್ ಫಿಶರ್, ಮುಂದೆ ನಾಜಿ ಜನಾಂಗನೀತಿಗೆ ವಿಜ್ಞಾನದ ಮುದ್ರೆ ಒತ್ತಿದವರಲ್ಲೊಬ್ಬ. ಯುರೋಪಿಯನ್ನರ ಬುರುಡೆಯ ಎಡ-ಬಲ ಅಸಮತೆಯಲ್ಲಿ ಅವರ ಬುದ್ಧಿಯ ಮೇಲ್ಮೆಗೆ ಗುರುತಿದೆ ಎಂದು ಅವನ ಊಹೆ. ಅದನ್ನು ಸಾಧಿಸುವ ಕೆಲಸ ಈ ವಿದ್ಯಾರ್ಥಿನಿಗೆ ಬಿತ್ತು. ಕರ್ವೆ 149 ಬುರುಡೆಗಳನ್ನು ಅಳೆದರು. ಅಸಮತೆ ಎಲ್ಲ ಕಡೆಯ ಬುರುಡೆಗಳಲ್ಲೂ ಇತ್ತು; ಜನಾಂಗಕ್ಕೂ ಅದಕ್ಕೂ ನಂಟು ಸಿಗಲಿಲ್ಲ. ಸಿಗಲಿಲ್ಲ ಎಂದೇ ಥೀಸಿಸ್‌ನಲ್ಲಿ ಬರೆದರು. ಪದವಿ ಗೈಡಿನ ಕೈಯಲ್ಲಿದ್ದಾಗ, ಪರದೇಶದಲ್ಲಿ, ಒಬ್ಬಂಟಿ ಹೆಣ್ಣುಮಗಳು ಹಾಗೆ ಬರೆಯಲು ಎಂಥ ಎದೆಗಾರಿಕೆ ಬೇಕು ಎಂಬುದು ಸಂಶೋಧನೆ ಮಾಡಿದವರಿಗೆ ಗೊತ್ತು. 1939ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿಗೆ ಬಂದ ಅವರು ಮಹಾರಾಷ್ಟ್ರದ ಜಾತಿಗಳ ಮೈಯಳತೆಯನ್ನು ಮುಂದುವರಿಸಿದ್ದೂ ನಿಜ. ಕಲಿತ ಉಪಕರಣ ಕೈಬಿಡುವುದು ಸುಲಭವಲ್ಲ.

ಯಾರು ಕೇಳುತ್ತಾರೆ, ಯಾರಿಗೆ ಹಣ

2011ರಲ್ಲಿ ಪ್ರಕಟವಾದ ವಿಶ್ಲೇಷಣೆ ಅಮೆರಿಕದ ಆರೋಗ್ಯ ಸಂಶೋಧನಾ ಅನುದಾನದಲ್ಲಿ ಕಪ್ಪು ಅರ್ಜಿದಾರರಿಗೆ ಹಣ ಸಿಗುವ ಸಾಧ್ಯತೆ ಬಿಳಿಯರಿಗಿಂತ 10 ಶೇಕಡಾ ಅಂಶ ಕಡಿಮೆ ಎಂದು ತೋರಿಸಿತು. ಯಾವ ವಿಷಯ ಆರಿಸಿಕೊಂಡರು ಎಂಬುದೂ ಇದರಲ್ಲಿ ಸೇರಿದೆ ಎಂದು ಆಮೇಲಿನ ಅಧ್ಯಯನ ಹೇಳಿತು: ಸಮುದಾಯದ ಆರೋಗ್ಯದ ಪ್ರಶ್ನೆಗಳಿಗೆ ಹಣ ಕಡಿಮೆ. ಜೀನ್-ರೋಗ ಅಧ್ಯಯನಗಳಲ್ಲಿ 2016ರ ಲೆಕ್ಕದಂತೆ ಶೇ 81 ಜನ ಯುರೋಪ್ ಮೂಲದವರು. ಅವರಿಂದ ಕಲಿತ ಅಪಾಯದ ಅಂಕಿ ಸೋಲಾಪುರದವರಿಗೆ ಹೊಂದುವ ಖಾತ್ರಿಯಿಲ್ಲ. ಭಾರತದ 10,000 ಜನರ ಜೀನೋಮ್ ಯೋಜನೆ ಈ ಕೊರತೆ ತುಂಬುವ ಒಂದು ಹೆಜ್ಜೆ.

ನಮ್ಮ ಕ್ಯಾಂಪಸ್ಸುಗಳಲ್ಲಿ ತಾರತಮ್ಯ ತಡೆಯಲು ಯುಜಿಸಿಯ 2012ರ ನಿಯಮಗಳು ಸಮಾನ ಅವಕಾಶ ಘಟಕ, ತಾರತಮ್ಯ ವಿರೋಧಿ ಅಧಿಕಾರಿ ಇರಬೇಕು ಎಂದವು. 2019ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಆದಿವಾಸಿ ಸಮುದಾಯದ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿನಿ ಡಾ. ಪಾಯಲ್ ತಡ್ವಿ ಜಾತಿ ಕಿರುಕುಳದ ಆರೋಪದ ನಡುವೆ ತೀರಿಕೊಂಡ ಮೇಲೆ, ಅವರ ತಾಯಿ ಮತ್ತು ಅಂಥದೇ ಆರೋಪದ ನಡುವೆ ಹೈದರಾಬಾದಿನಲ್ಲಿ ತೀರಿಕೊಂಡಿದ್ದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಅವರ ತಾಯಿ ಇಬ್ಬರೂ ಸೇರಿ, ಈ ನಿಯಮಗಳು ಜಾರಿಯಾಗಲಿ ಎಂದು ಅದೇ ವರ್ಷ ಸುಪ್ರೀಂ ಕೋರ್ಟಿಗೆ ಹೋದರು. ನಿಮ್ಮ ಕಾಲೇಜಿನಲ್ಲಿ ಆ ಅಧಿಕಾರಿ ಯಾರು, ದೂರನ್ನು ಎಲ್ಲಿ ಕೊಡಬೇಕು ಎಂದು ಪ್ರವೇಶದ ವಾರದಲ್ಲೇ ಕೇಳಿ ಬರೆದಿಟ್ಟುಕೊಳ್ಳಿ. ದೂರು ಬರಹದಲ್ಲಿರಲಿ, ದಿನಾಂಕ ಇರಲಿ, ಸ್ವೀಕೃತಿ ಪಡೆದುಕೊಳ್ಳಿ.

ಸಿನಾಪ್ಸಿಸ್ ಬರೆಯುವ ಮೊದಲು

ನಿಮ್ಮದೇ ಸಂಶೋಧನೆಯ ಪ್ರಶ್ನಾವಳಿಯಲ್ಲಿ ಜಾತಿ, ಧರ್ಮ, ಭಾಷೆಯ ಕಾಲಂ ಇದ್ದರೆ ಅದು ಏಕಿದೆ ಎಂದು ಒಂದು ಸಾಲು ಬರೆಯಿರಿ. ಯಾವುದರ ಬದಲಿಗೆ ಅದನ್ನು ಬಳಸುತ್ತಿದ್ದೀರಿ? ಆದಾಯವೇ, ಒಲೆಯ ಹೊಗೆಯೇ, ಆಸ್ಪತ್ರೆಯ ದೂರವೇ? ಅದನ್ನೇ ನೇರ ಅಳೆಯಲು ಸಾಧ್ಯವಾದರೆ ಅದನ್ನೇ ಅಳೆಯಿರಿ. ತಾರತಮ್ಯವನ್ನೇ ಅಳೆಯುವುದಾದರೆ ಕಾಲಂ ತೆಗೆಯಬೇಡಿ. ತೆಗೆದರೆ ಅಂತರವೇ ಕಣ್ಮರೆಯಾಗುತ್ತದೆ. ಉತ್ತರವನ್ನು ಮುಖ ನೋಡಿ ತುಂಬದೆ ಅವರನ್ನೇ ಕೇಳಿ, 'ಹೇಳಲು ಇಷ್ಟವಿಲ್ಲ' ಎಂಬ ಆಯ್ಕೆಯೂ ಇರಲಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯಲ್ಲಿ 7ರಿಂದ 15 ಸದಸ್ಯರು, ಕೋರಂಗೆ 5, ಅಧ್ಯಕ್ಷರು ಸಂಸ್ಥೆಯ ಹೊರಗಿನವರು. ಕಾನೂನು ತಿಳಿದವರೂ ಸಾಮಾನ್ಯ ನಾಗರಿಕರೊಬ್ಬರೂ ಇರಬೇಕು. ಮಾಹಿತಿ ಪತ್ರ ಭಾಗವಹಿಸುವವರಿಗೆ ತಿಳಿಯುವ ಭಾಷೆಯಲ್ಲಿರಬೇಕು. ಮುಂಬಯಿ, ಗೋವಾದ ಅಧ್ಯಯನಗಳಲ್ಲಿ ಎಡವುವುದು ಇಲ್ಲೇ: ಮರಾಠಿ, ಹಿಂದಿ ಪ್ರತಿ ಇರುತ್ತದೆ, ಯಾದಗಿರಿಯಿಂದ ಬಂದ ಕೂಲಿಯ ಹೆಂಗಸಿಗೆ ಕನ್ನಡದ್ದು ಇರುವುದಿಲ್ಲ. ಕನ್ನಡಕ್ಕೆ ತಂದಾಗ ಬೇರೆಯವರಿಂದ ಮತ್ತೆ ಹಿಂದಕ್ಕೆ ಅನುವಾದ ಮಾಡಿಸಿ ಹೋಲಿಸಿ. ಔಷಧದ ಪ್ರಯೋಗದಲ್ಲಿ ಯಾರು ಯಾವ ಗುಂಪಿಗೆ ಎಂದು ಆರಿಸುವುದನ್ನು 'ಲಾಟರಿ ಎತ್ತುವುದು' ಎಂದು ಬರೆದರೆ ಬಹುಮಾನ ಬಂತೆಂದುಕೊಳ್ಳುತ್ತಾರೆ. 'ನಾಣ್ಯ ಚಿಮ್ಮಿ ನೋಡಿದ ಹಾಗೆ' ಎನ್ನುವುದು ಮೇಲು. 'ಪರೀಕ್ಷೆ' ಎಂದರೆ ತಮ್ಮ ರೋಗದ ತಪಾಸಣೆ ಎಂದುಕೊಳ್ಳುತ್ತಾರೆ, ಹಾಗಾಗಿ 'ಈ ಔಷಧ ಕೆಲಸ ಮಾಡುತ್ತದೋ ಇಲ್ಲವೋ ನಮಗೂ ಇನ್ನೂ ಗೊತ್ತಿಲ್ಲ' ಎಂಬ ವಾಕ್ಯ ಬೇಕೇ ಬೇಕು. ಹೆಬ್ಬೆಟ್ಟು ಒತ್ತುವವರಿದ್ದರೆ ಸಂಶೋಧನಾ ತಂಡಕ್ಕೆ ಸೇರದ ಸಾಕ್ಷಿ ಪಕ್ಕದಲ್ಲಿರಬೇಕು. ಸಹಿಯಾದ ಮೇಲೆ ಒಂದು ಪ್ರತಿ ಅವರ ಕೈಗೆ ಹೋಗಬೇಕು, ಪ್ರಶ್ನೆ ಬಂದರೆ ಯಾರಿಗೆ ಫೋನ್ ಮಾಡಬೇಕು ಎಂಬ ಸಂಖ್ಯೆಯೊಂದಿಗೆ. ಆ ಸಂಖ್ಯೆ ಎತ್ತುವವರಿಗೆ ಕನ್ನಡ ಬರುತ್ತದೆಯೇ ಎಂದು ಒಮ್ಮೆ ನೀವೇ ಫೋನ್ ಮಾಡಿ ನೋಡಿ.